ಬೆಳ್ಳಟ್ಟಿ ಮೊಸರಿನ ಜೀನೋಮ್ ಹಾಗೂ ಮೊದಲನೆಯ ಹೆಸರಿನ ಕುರಿತು

ಮಾನ್ಯ ಓದುಗರಲ್ಲಿ,

ಈ ಬರಹವನ್ನು ಕೈಬರಹದಲ್ಲಿಯೇ ಸಲ್ಲಿಸುತ್ತಿರುವುದಕ್ಕೂ, ಅಕ್ಷರಗಳು ಒಂದರ ಮೇಲೊಂದು ಬಾಗಿರುವುದಕ್ಕೂ, ಅಲ್ಪಪ್ರಾಣ ಮಹಾಪ್ರಾಣಗಳು ಅಲ್ಲಲ್ಲಿ ಅದಲುಬದಲಾಗಿರಬಹುದಾದುದಕ್ಕೂ ಮೊದಲಿಗೇ ಕ್ಷಮೆ ಕೋರುತ್ತೇನೆ. ನಾನು ಗದಗಿನ ಒಂದು ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಯೋಜನಾ ಸಹಾಯಕಿಯಾಗಿದ್ದೇನೆ. ಗಾಜಿನ ಸಾಮಾನುಗಳ ಸರಬರಾಜು, ಫ್ರಿಜ್ ದುರಸ್ತಿ, ವಿದ್ಯುತ್ ವ್ಯತ್ಯಯ ಮುಂತಾದ ವಿಷಯಗಳ ಕುರಿತು ಪತ್ರಗಳನ್ನು ಬರೆದಿದ್ದೇನೆಯೇ ಹೊರತು ನನ್ನ ಕುರಿತು ಈವರೆಗೆ ಏನನ್ನೂ ಬರೆದವಳಲ್ಲ. ಆದ್ದರಿಂದ ಪತ್ರದ ಧಾಟಿಯನ್ನು ಬಿಟ್ಟು ಬೇರೆ ಧಾಟಿ ನನಗೆ ಬಾರದೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ, ಎಮ್ಮೆಯ ಹಾಲನ್ನು ಗಡಿಗೆಯಲ್ಲಿ ಹೆಪ್ಪು ಹಾಕಿ ಸಂತೆಗೆ ಒಯ್ಯುವ ಅಮ್ಮ ಒಬ್ಬರಿದ್ದಾರೆ. ಅವರ ಮೊಸರಿನ ಮೇಲೆ ನಿಲ್ಲುವ ನೀರು ಬೇರೆ ಮನೆಗಳ ನೀರಿಗಿಂತ ಹಳದಿಯಾಗಿರುವುದನ್ನು ನಾನು ಗಮನಿಸಿದೆ. ಅದನ್ನು ಕತ್ತಲೆಯ ಕೋಣೆಯಲ್ಲಿ ನೇರಳಾತೀತ ದೀಪದ ಕೆಳಗಿಟ್ಟಾಗ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯಿತು. ಹಾಗೆ ಹೊಳೆಯುವುದು ರೈಬೋಫ್ಲೇವಿನ್, ಅಂದರೆ ಬಿ ಗುಂಪಿನ ಒಂದು ಜೀವಸತ್ವ. ಆ ಮೊಸರಿನಲ್ಲಿರುವ ಯಾವುದೋ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತಿದೆ ಎಂದು ಊಹಿಸಿ, ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಾ ಕೊನೆಗೆ ಅದೊಂದನ್ನೇ ಬೇರ್ಪಡಿಸಿದೆ.

ನಮ್ಮ ಮಾರ್ಗದರ್ಶಕರು ತಟ್ಟೆಯನ್ನು ನೋಡಿ, ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ನಮ್ಮ ಕಡೆಯ ರೀತಿಯಲ್ಲಿ, "ಬಾಯಾರ, ಈ ಸಲ ಪ್ರಬಂಧದಾಗ ಮೊದಲನೇ ಹೆಸರು ನಿಮ್ದ" ಎಂದರು.

ಈ ಮಾತಿನ ತೂಕವನ್ನು ತಿಳಿಸುವುದು ಅವಶ್ಯ. ವೈಜ್ಞಾನಿಕ ಪ್ರಬಂಧದಲ್ಲಿ ಕೆಲಸದ ಮುಖ್ಯ ಪಾಲು ಯಾರದೋ ಅವರ ಹೆಸರು ಮೊದಲು ಬರುತ್ತದೆ. ನಾನು ಹಿಂದೆ ಕೆಲಸ ಮಾಡಿದ ಎಲ್ಲ ಪ್ರಬಂಧಗಳಲ್ಲಿ ನನ್ನ ಹೆಸರು ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿ ಬಂದಿದೆ. ಒಂದರಲ್ಲಿ ನನ್ನ ಜೊತೆಗೆ ಜನರೇಟರ್ ದುರಸ್ತಿ ಮಾಡಿದವರಿಗೂ ಕೃತಜ್ಞತೆ ಸಲ್ಲಿಸಲಾಗಿತ್ತು.

ಆದರೆ ಈಗಿನ ಕಾಲದಲ್ಲಿ ಬ್ಯಾಕ್ಟೀರಿಯಾ ಹೊಳೆಯುತ್ತದೆ ಎಂದಷ್ಟೇ ಬರೆದರೆ ಯಾವ ಪತ್ರಿಕೆಯೂ ಸ್ವೀಕರಿಸುವುದಿಲ್ಲ. ಅದರ ಜೀನೋಮನ್ನು, ಅಂದರೆ ಪೂರ್ತಿ ಡಿಎನ್ಎಯನ್ನು ಓದಿಸಬೇಕು, ಜೀವಸತ್ವ ತಯಾರಾಗುವ ಚಯಾಪಚಯದ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಬೇಕು. ಅದೆಲ್ಲ ಕಂಪ್ಯೂಟರಿನ ಕೆಲಸ. ಆ ಸಲುವಾಗಿ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯ ಯುವಕರೊಬ್ಬರು ನಮ್ಮಲ್ಲಿಗೆ ನೇಮಕಗೊಂಡರು. ಇನ್ನು ಮುಂದೆ ಅವರನ್ನು ಸಹೋದ್ಯೋಗಿ ಎಂದು ಉಲ್ಲೇಖಿಸುತ್ತೇನೆ.

ಸಹೋದ್ಯೋಗಿಯ ಮೇಲೆ ನನಗೆ ಮೊದಲ ವಾರದಿಂದಲೇ ಹೊಟ್ಟೆಕಿಚ್ಚಿತ್ತು. ಅವರು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳನ್ನು ನೋಡದೆಯೇ ಒತ್ತುತ್ತಿದ್ದರು, ಒತ್ತುತ್ತಲೇ ನಗೆಚಾಟಿಕೆ ಮಾಡುತ್ತಿದ್ದರು. ವಿದ್ಯಾರ್ಥಿಗಳು ನನ್ನ ಮೇಜನ್ನು ದಾಟಿ ಅವರ ಮೇಜಿಗೆ ಹೋಗುತ್ತಿದ್ದರು. ಮಾರ್ಗದರ್ಶಕರ ಕೋಣೆಯಿಂದ ಬರುವ ಚಹಾ ಮೊದಲು ಅಲ್ಲಿಯೇ ಇಳಿಯುತ್ತಿತ್ತು. ಅವರು ಮಲ್ಲಸಮುದ್ರದಲ್ಲಿ ಬಾಡಿಗೆಯ ಖೋಲಿ ಮಾಡಿಕೊಂಡಿದ್ದರು. ಅವರ ತಾಯಿ ಕಟ್ಟಿದ ಬುತ್ತಿ ಮುಂಜಾನೆಯ ಬಸ್ಸಿನಲ್ಲಿ ಗದಗಿಗೆ ಬರುತ್ತಿತ್ತು. ಮಧ್ಯಾಹ್ನ ಆ ಡಬ್ಬಿ ತೆರೆದರೆ ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು. ಇಡೀ ಪ್ರಯೋಗಾಲಯವೇ ಅದರ ಸುತ್ತ ಕೂಡುತ್ತಿತ್ತು. ನಾನು ನನ್ನ ಅವಲಕ್ಕಿಯನ್ನು ಒಬ್ಬಳೇ ತಿನ್ನುತ್ತಿದ್ದೆ. ಯಾರೂ ಕರೆಯುತ್ತಿರಲಿಲ್ಲವೆಂದಲ್ಲ, ಕರೆಯುತ್ತಿದ್ದವರೂ ಅವರೇ.

ಈ ನಡುವೆ ಶಿರಹಟ್ಟಿಯಲ್ಲಿ ನನ್ನ ನಾದಿನಿಯ ಕುಬಸ, ಅಂದರೆ ಸೀಮಂತ ಬಂದುದರಿಂದ ಕೆಲವು ದಿನ ರಜೆ ಹೋಗಬೇಕಾಯಿತು. ನಮ್ಮ ಶೀತಲ ಪೆಟ್ಟಿಗೆ ಕೆಟ್ಟು ಅದರಲ್ಲಿದ್ದ ಸಂಗ್ರಹ ಹಾಳಾಗಿತ್ತು. ಬ್ಯಾಕ್ಟೀರಿಯಾ ಉಳಿದಿದ್ದುದು ಕುದಿಸಿ ಶುದ್ಧಗೊಳಿಸಿದ ಹಾಲಿನ ಕೊಳವೆಗಳಲ್ಲಿ ಮಾತ್ರ. ಹಳೆಯ ಕೊಳವೆಯಿಂದ ಹೊಸ ಕೊಳವೆಗೆ ಪ್ರತಿ ಮುಂಜಾನೆ ಒಂದು ಹನಿ ದಾಟಿಸಬೇಕೆಂದು ಸಹೋದ್ಯೋಗಿಗೆ ತಿಳಿಸಿ ಹೋದೆ. ಮರಳಿ ಬಂದ ದಿನವೇ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ರವಾನಿಸುವ ಕೊನೆಯ ದಿನವಾಗಿತ್ತು. ತಟ್ಟೆಯ ಮೇಲೆ ಬೆಳೆದ ಒಂದೇ ಒಂದು ಚುಕ್ಕೆಯಿಂದ ಡಿಎನ್ಎ ತೆಗೆಯಬೇಕೆಂಬುದು ನಿಯಮ. ಚುಕ್ಕೆ ಬೆಳೆಯುವಷ್ಟು ಸಮಯವಿಲ್ಲದ್ದರಿಂದ ನೇರವಾಗಿ ಕೊಳವೆಯಿಂದಲೇ ತೆಗೆದು ಕಳುಹಿಸಲಾಯಿತು.

ಕೆಲವು ವಾರಗಳ ನಂತರ ದತ್ತಾಂಶ ಬಂದಿತು. ಓದುವ ಯಂತ್ರವು ಡಿಎನ್ಎಯನ್ನು ಒಂದೇ ಉದ್ದಕ್ಕೆ ಓದಿ ಕೊಡುವುದಿಲ್ಲ, ಲಕ್ಷಾಂತರ ಸಣ್ಣ ಚೂರುಗಳಾಗಿ ಕೊಡುತ್ತದೆ. ನಾನು ಬೆಟಗೇರಿಯ ನೇಕಾರರ ಮನೆಯವಳಾದುದರಿಂದ ಇದನ್ನು ಹೀಗೆ ತಿಳಿದುಕೊಂಡೆ: ಒಂದೇ ನಮೂನೆಯ ಹಲವಾರು ಸೀರೆಗಳನ್ನು ಮನಬಂದಂತೆ ಚಿಂದಿ ಮಾಡಿ ಗುಡ್ಡೆ ಹಾಕಿದ್ದಾರೆ, ಚಿಂದಿಯ ತುದಿಯ ಮೇಲೆ ಚಿಂದಿಯ ತುದಿ ಹೊಂದುವಂತೆ ಇಡುತ್ತಾ ಹೋದರೆ ಕೊನೆಗೆ ಒಂದು ಸೀರೆಯ ಪೂರ್ತಿ ನಮೂನೆ ಸಿಗುತ್ತದೆ. ಈ ಜೋಡಣೆಯನ್ನು ಒಂದು ತಂತ್ರಾಂಶ ಮಾಡುತ್ತದೆ.

ಜೋಡಣೆ ಮುಗಿದಾಗ ಜೀನೋಮ್ ಇರಬೇಕಾದ ಉದ್ದಕ್ಕಿಂತ ಸುಮಾರು ಎರಡು ಪಟ್ಟಿತ್ತು. ಶುದ್ಧತೆ ಪರೀಕ್ಷಿಸುವ ಇನ್ನೊಂದು ತಂತ್ರಾಂಶವನ್ನು ಓಡಿಸಿದಾಗ, ಪ್ರತಿ ಬ್ಯಾಕ್ಟೀರಿಯಾದಲ್ಲಿ ಒಂದೊಂದೇ ಇರಬೇಕಾದ ಜೀನ್‌ಗಳು ಜೋಡಿ ಜೋಡಿಯಾಗಿ ಕಂಡುಬಂದವು.

"ಬಾಯಾರ, ಇದು ಒಂದ ಜೀವಿ ಅಲ್ಲ. ಎರಡು ಕೂಡ್ಯಾವು" ಎಂದರು ಮಾರ್ಗದರ್ಶಕರು. ನನ್ನ ಕೈಗಳ ಕಡೆಗೆ ಒಮ್ಮೆ ನೋಡಿದರು. "ಮೊದಲನೇ ಹೆಸರಿನ ಮಾತು ಆಮ್ಯಾಲ ನೋಡೂಣಂತ."

ನನ್ನ ಬೇರ್ಪಡಿಸುವಿಕೆಯಲ್ಲಿ ದೋಷವಿಲ್ಲವೆಂದು ನನಗೆ ಖಚಿತವಿತ್ತು. ಗಾಜಿನ ಸಾಮಾನು ತೊಳೆಯುವ ಜಾಗಕ್ಕೆ ಹೋಗಿ ನಲ್ಲಿ ಬಿಟ್ಟು ನಿಂತೆ. ಹಿಂದಿನಿಂದ ಸಹೋದ್ಯೋಗಿ ಬಂದರು.

"ಅಕ್ಕಾರ, ಒಂದ ಮಾತು ಹೇಳ್ತೀನಿ, ಬೈಬ್ಯಾಡ್ರಿ."

"ಬೈಯೂ ಮಾತಿದ್ರ ಬೈತೀನಿ."

"ನೀವು ಕುಬಸಕ್ಕ ಹೋದಾಗ ರಾತ್ರಿ ಕರೆಂಟ್ ಹೋಗಿ, ಕೊಳವಿ ಇಟ್ಟ ಬೆಚ್ಚನ ಪೆಟ್ಟಿಗಿ ತಣ್ಣಗಾಗಿತ್ರಿ. ಮುಂಜಾನಿ ನೋಡಿದ್ರ ಹಾಲು ಹಂಗ ನೀರ್ ನೀರು. ಹೆಪ್ಪು ತಪ್ಪಿತಲ್ಲಪ್ಪಾ ಅಂತ ಎದಿ ಧಸಕ್ಕಂತು. ಅವ್ವನ ಡಬ್ಬಿ ಆಗಷ್ಟ ಬಂದಿತ್ರಿ..."

"ಹಾಕಿದ್ಯಾ?"

"ಒಂದ ಚಮಚ ರೀ. ಸಣ್ಣ ಚಮಚ."

"ಸಣ್ಣ ಚಮಚದಾಗ ಎಷ್ಟು ಕೋಟಿ ಇರ್ತಾವ ಗೊತ್ತೈತೇನು ನಿನಗ?"

"ಈಗ ಗೊತ್ತಾತ್ರಿ. ಕಂಪ್ಯೂಟರ್ ತೋರಿಸ್ತಲ್ಲ."

ನಮ್ಮ ಕಡೆಯ ಯಾವ ಮನೆಯಲ್ಲಾದರೂ ಹೆಪ್ಪು ತಪ್ಪಿದರೆ ಬಾಜೂ ಮನೆಯಿಂದ ಚಮಚ ತಂದು ಹಾಕುತ್ತಾರೆ. ಹಾಲು ಮೊಸರಾಗಬೇಕು ಅಷ್ಟೇ; ಯಾರ ಮನೆಯದೆಂದು ಯಾರೂ ಕೇಳುವುದಿಲ್ಲ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಸಹೋದ್ಯೋಗಿ ನನ್ನ ಕೊಳವೆಗೂ ಅದನ್ನೇ ಮಾಡಿದ್ದರು. ಮನೆಯಲ್ಲಿ ಅದು ಜಾಣತನವೆನಿಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೆ ಕಲಬೆರಕೆ ಎನ್ನುತ್ತಾರೆ.

ಮಾರ್ಗದರ್ಶಕರ ಕೋಣೆಯ ಕಡೆಗೆ ನಡೆದೆ. ನಡೆಯುತ್ತಲೇ ಮನಸ್ಸಿನಲ್ಲಿ ಪತ್ರವನ್ನೂ ಸಿದ್ಧಪಡಿಸಿದೆ: ಸದರಿ ಸಹೋದ್ಯೋಗಿಯ ನಿರ್ಲಕ್ಷ್ಯದಿಂದ ಉಂಟಾದ ನಷ್ಟವನ್ನು ತಮ್ಮ ಗಮನಕ್ಕೆ ತರುತ್ತಾ, ಸೂಕ್ತ ಕ್ರಮ ಜರುಗಿಸಲು ಕೋರಿದೆ. ಬಾಗಿಲಿನವರೆಗೆ ಹೋಗಿ ನಿಂತುಬಿಟ್ಟೆ. ಇವರನ್ನು ಕಳುಹಿಸಿಬಿಟ್ಟರೆ ಆ ಕಪ್ಪು ಪರದೆಯ ಮುಂದೆ ಕೂಡುವವರು ಯಾರು? ಪ್ರಬಂಧವೇ ನಿಂತುಹೋದರೆ ಮೊದಲನೆಯ ಹೆಸರಿರಲಿ, ಕೃತಜ್ಞತೆಯ ಸಾಲೂ ಇರುವುದಿಲ್ಲ. ನನ್ನ ಈ ಹಿಂಜರಿಕೆಯನ್ನು ಔದಾರ್ಯವೆಂದು ಓದುಗರು ಪರಿಗಣಿಸಬಾರದಾಗಿ ವಿನಂತಿ.

ತಿರುಗಿ ಬಂದು ಸಹೋದ್ಯೋಗಿಗೆ ಹೇಳಿದೆ: "ಸರ್‌ಗೆ ನೀನ ಹೇಳಬೇಕು, ಇವತ್ತ ಹೇಳಬೇಕು. ಮತ್ತ ನಾಳಿಯಿಂದ ಆ ಕರಿ ಪರದೆ ನನಗ ಕಲಿಸಬೇಕು."

"ಇಷ್ಟ ಏನ್ರಿ! ನಾ ಏನೋ ಬೂಟಲೇ ಹೊಡಿತೀರಿ ಅಂದ್ಕೊಂಡಿದ್ದೆ" ಎಂದು ನಕ್ಕು ನೇರವಾಗಿ ಮಾರ್ಗದರ್ಶಕರ ಕೋಣೆಗೆ ಹೋದರು.

ಹೊರಗೆ ನಿಂತು ಕೇಳಿಸಿಕೊಂಡೆ. ಸಹೋದ್ಯೋಗಿ ಚಮಚದ ಕಥೆಯನ್ನು ಹೇಳಿದರು. ನಂತರ ಮಾರ್ಗದರ್ಶಕರ ದೊಡ್ಡ ನಗು. "ಅವ್ವನ ಮೊಸರಿಗೂ ಜೀನೋಮ್ ಮಾಡಿಸಿದ್ಯಾ ಲೇ ಮಗನ!"

ನನ್ನ ಕೈಯಿಂದ ಒಂದು ಅಳತೆಯ ಗಾಜು ಒಡೆದಾಗ ಇದೇ ಕೋಣೆಯಿಂದ ಲಿಖಿತ ವಿವರಣೆ ಕೇಳಲಾಗಿತ್ತು.

ಮತ್ತೊಮ್ಮೆ ಮಾದರಿ ಕಳುಹಿಸಲು ಅನುಮತಿ ಇರಲಿಲ್ಲ. ಇದ್ದ ದತ್ತಾಂಶವನ್ನೇ ಬೇರ್ಪಡಿಸಬೇಕಿತ್ತು. ಯಂತ್ರವು ಡಿಎನ್ಎಯ ಒಂದೊಂದು ಜಾಗವನ್ನು ಹಲವು ಸಲ ಓದಿರುತ್ತದೆ; ಎಷ್ಟು ಸಲ ಓದಿದೆ ಎಂಬ ಲೆಕ್ಕಕ್ಕೆ ಆಳ ಎನ್ನುತ್ತಾರೆ. ಕೊಳವೆಯಲ್ಲಿ ಯಾವ ಜೀವಿ ಹೆಚ್ಚಿತ್ತೋ, ಚೂರುಗಳನ್ನು ಜೋಡಿಸಿದಾಗ ಸಿಕ್ಕ ಅದರ ತುಣುಕುಗಳ ಆಳ ಹೆಚ್ಚು. ಒಂದು ಗುಂಪಿನ ತುಣುಕುಗಳ ಆಳ ಎಂಬತ್ತರ ಆಸುಪಾಸು, ಇನ್ನೊಂದರದು ಮೂವತ್ತರ ಆಸುಪಾಸು ಇತ್ತು. ಸಹೋದ್ಯೋಗಿ ಅದೇ ಆಧಾರದ ಮೇಲೆ ಎರಡು ಗುಡ್ಡೆ ಮಾಡಿದರು: ಆಳ ಹೆಚ್ಚಿದ್ದುದು ಬೆಳ್ಳಟ್ಟಿಯದು, ಕಡಿಮೆಯಿದ್ದುದು ಕೊರ್ಲಹಳ್ಳಿಯದು.

ನಂತರ ದಾರಿಯ ನಕ್ಷೆ ಬಿಡಿಸುವ ತಂತ್ರಾಂಶದ ಸರದಿ. ಜೀವಸತ್ವ ತಯಾರಾಗುವ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಿಣ್ವ ಬೇಕು, ಕಿಣ್ವಕ್ಕೆ ಜೀನ್ ಬೇಕು. ಜೀನ್ ಸಿಕ್ಕ ಮೆಟ್ಟಿಲಿನ ಚೌಕ ಹಸಿರಾಗುತ್ತದೆ, ಸಿಗದ್ದು ಬಿಳಿಯಾಗಿಯೇ ಉಳಿಯುತ್ತದೆ. ಬೆಳ್ಳಟ್ಟಿಯ ಗುಡ್ಡೆಯಲ್ಲಿ ಜೀವಸತ್ವದ ಮುಖ್ಯ ಚೌಕಗಳು ನಾಲ್ಕೂ ಬಿಳಿ. ಕೊರ್ಲಹಳ್ಳಿಯ ಗುಡ್ಡೆಯಲ್ಲಿಯೂ ಬಿಳಿ. ಕಣ್ಣೆದುರಿಗೆ ಹೊಳೆದ ಬ್ಯಾಕ್ಟೀರಿಯಾಕ್ಕೆ ಹೊಳೆಯುವ ದಾರಿಯೇ ಇಲ್ಲವೆಂದು ಕಂಪ್ಯೂಟರ್ ವರದಿ ಮಾಡುತ್ತಿತ್ತು.

ಸಹೋದ್ಯೋಗಿ ಇನ್ನೊಂದು ಆದೇಶವನ್ನು ಒತ್ತಿದರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ನಕ್ಷೆಯ ಬಿಳಿಯ ಚೌಕಗಳೆಲ್ಲ ಹಸಿರಾದವು. ಮಾರ್ಗದರ್ಶಕರು ಅವರ ಬೆನ್ನು ತಟ್ಟಿದರು. ತರುವಾಯ ನನ್ನ ಕಡೆ ತಿರುಗಿ, "ಈ ದಾರಿ ಪೂರ್ತಿ ಮಾಡಿದವರು ಇವರಾದ್ರು. ಮೊದಲನೇ ಹೆಸರು ಇವರದು ಹಾಕಿದ್ರ ಹ್ಯಾಂಗ್ರಿ ಬಾಯಾರ?" ಎಂದರು.

ನಾನು ಉತ್ತರ ಕೊಡಲಿಲ್ಲ. ನಕ್ಷೆಯನ್ನೇ ದಿಟ್ಟಿಸುತ್ತಿದ್ದೆ. ಅದರಲ್ಲಿ ತಪ್ಪು ಹುಡುಕುವುದಕ್ಕಾಗಿಯೇ ದಿಟ್ಟಿಸುತ್ತಿದ್ದೆ ಎಂದು ಸ್ಪಷ್ಟಪಡಿಸುತ್ತೇನೆ. ಹೊಸದಾಗಿ ತುಂಬಿದ ಚೌಕಗಳ ಹಸಿರು ಉಳಿದವುಗಳಿಗಿಂತ ಸ್ವಲ್ಪ ತಿಳಿಯಾಗಿತ್ತು.

ಮಾರ್ಗದರ್ಶಕರು ಹೋದ ಮೇಲೆ ಕೇಳಿದೆ: "ಈ ಚೌಕ ಯಾಕ ತಿಳಿ ಹಸರು?"

"ಅದು ತಂತ್ರಾಂಶ ತಾನ ತುಂಬಿದ್ದು ರೀ. ಈ ಜೀವಿ ಬದುಕಬೇಕಂದ್ರ ಇದು ಇರಾಕ ಬೇಕು ಅಂತ ಲೆಕ್ಕ ಹಾಕಿ ಖಾಲಿ ಜಾಗಾ ತುಂಬ್ತೈತಿ."

"ಅಂದ್ರ ಜೀನ್ ಸಿಕ್ಕಿಲ್ಲ."

ಅವರ ಮುಖದ ನಗು ಇಳಿಯಿತು. "ಸಿಕ್ಕಿಲ್ರಿ ಅಕ್ಕಾರ."

"ಮತ್ತ ಸರ್ ಬೆನ್ನು ತಟ್ಟಿದಾಗ ಯಾಕ ಸುಮ್ನಿದ್ದಿ?"

"ತಟ್ಟಾಕತ್ತಿದ್ರಲ್ರಿ, ನಡುವ ಹ್ಯಾಂಗ ಹೇಳೂದು?"

ಆ ದಿನದಿಂದ ನಾನು ಹಟಕ್ಕೆ ಬಿದ್ದು ಕಲಿತೆ. ಮಧ್ಯಾಹ್ನ ಎಲ್ಲರೂ ಬುತ್ತಿಯ ಸುತ್ತ ಕೂತಾಗ ನಾನು ಎರಡು ಬೆರಳಿನಿಂದ ಆದೇಶಗಳನ್ನು ಒತ್ತುತ್ತಿದ್ದೆ. ಒಂದು ಚುಕ್ಕೆ ತಪ್ಪಿದರೂ ಪರದೆ ಒಪ್ಪುತ್ತಿರಲಿಲ್ಲ. ಈ ವಿಷಯದಲ್ಲಿ ಅದು ನಮ್ಮ ಕಚೇರಿಯಂತೆಯೇ ಇತ್ತು. ಎರಡೂ ಗುಡ್ಡೆಗಳಲ್ಲಿ ಆ ಜೀನ್‌ಗಳನ್ನು ಹುಡುಕಿದೆ, ಸಿಗಲಿಲ್ಲ. ಯಾವ ಗುಡ್ಡೆಗೂ ಸೇರದೆ ಉಳಿದ ತುಣುಕುಗಳ ಕಡತವೊಂದಿತ್ತು. ಸಹೋದ್ಯೋಗಿ ಅದನ್ನು ಕಸ ಎಂದು ಬದಿಗಿಟ್ಟಿದ್ದರು. ಅದರಲ್ಲಿಯೂ ಹುಡುಕಿದೆ, ಅಲ್ಲಿಯೂ ಸಿಗಲಿಲ್ಲ. ಅವರನ್ನು ಕೇಳಲು ಮನಸ್ಸಿರಲಿಲ್ಲ. ಕೊನೆಗೆ ಕೇಳಲೇಬೇಕಾಯಿತು.

"ಡಿಎನ್ಎ ಅಕ್ಷರ ಹಿಡಕೊಂಡು ಹುಡುಕಾಕತ್ತೀರೇನ್ರಿ? ಒಂದು ಜೀವಿಯಿಂದ ಇನ್ನೊಂದಕ್ಕ ಆ ಅಕ್ಷರ ಬಾಳ ಬದಲಾಗಿರ್ತಾವು. ಪ್ರೊಟೀನಿನ ಅಕ್ಷರದಾಗ ಹುಡುಕ್ರಿ, ಅವು ಅಷ್ಟು ಲಗೂ ಬದಲಾಗಂಗಿಲ್ಲ" ಎಂದು ಊಟದ ಕೈಯಲ್ಲಿಯೇ ಹೇಳಿ ಹೋದರು. ನಾನು ಹಲವು ಮಧ್ಯಾಹ್ನ ಹಾಳು ಮಾಡಿಕೊಂಡದ್ದು ಅವರಿಗೆ ಬಾಯಲ್ಲಿ ತುತ್ತಿಟ್ಟುಕೊಂಡು ಹೇಳುವಷ್ಟು ಸುಲಭದ ವಿಷಯವಾಗಿತ್ತು.

ಹಾಗೆ ಹುಡುಕಿದಾಗ ಆ ಕಸದ ಕಡತದಲ್ಲಿಯೇ ಒಂದು ತುಣುಕು ಸಿಕ್ಕಿತು. ಬೇಕಾದ ನಾಲ್ಕೂ ಜೀನ್‌ಗಳು ಅದರ ಮೇಲೆ ಒಂದರ ಪಕ್ಕ ಒಂದು ಸಾಲಾಗಿ ಕುಳಿತಿದ್ದವು. ತುಣುಕಿನ ಆಳ ನೋಡಿದೆ: ನೂರ ಹತ್ತು. ಎಂಬತ್ತೂ ಅಲ್ಲ, ಮೂವತ್ತೂ ಅಲ್ಲ. ಅದಕ್ಕೇ ಎರಡೂ ಗುಡ್ಡೆಗಳು ಅದನ್ನು ಹೊರಗಿಟ್ಟಿದ್ದವು.

ಎಂಬತ್ತಕ್ಕೆ ಮೂವತ್ತು ಕೂಡಿಸಿದರೆ ನೂರ ಹತ್ತು. ಎರಡು ಬೇರೆ ಬೇರೆ ಸೀರೆಗಳಿಗೆ ಒಂದೇ ನಮೂನೆಯ ಸೆರಗಿದ್ದರೆ, ಚಿಂದಿ ಜೋಡಿಸುವವರು ಎರಡರ ಸೆರಗಿನ ಚಿಂದಿಯನ್ನೂ ಒಂದೇ ಕಡೆ ಪೇರಿಸುತ್ತಾರೆ. ಸೀರೆ ಎರಡಾದರೂ ಸೆರಗು ಒಂದೇ ಸಿಗುತ್ತದೆ. ಈ ತುಣುಕು ಎರಡೂ ಬ್ಯಾಕ್ಟೀರಿಯಾಗಳಲ್ಲಿ ಅಕ್ಷರಶಃ ಒಂದೇ ಆಗಿರಬೇಕು.

ನನ್ನ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಹಾಗಿದ್ದಲ್ಲಿ ಸಹೋದ್ಯೋಗಿಯ ತಾಯಿಯ ಮೊಸರಿನಲ್ಲಿಯೂ ಅದೇ ಗುಣವಿದೆ ಎಂದಾಯಿತು. ಬೆಳ್ಳಟ್ಟಿಗೆ ಒಂದು ವರ್ಷ ಓಡಾಡಿ ನಾನು ಹುಡುಕಿದ್ದು ಅವರಿಗೆ ದಿನಾಲೂ ಬಸ್ಸಿನಲ್ಲಿ ಬರುತ್ತಿತ್ತು.

ಆದರೂ ಇದು ಲೆಕ್ಕದ ಮಾತು. ಸಾಬೀತಿಗೆ ಶುದ್ಧ ಬ್ಯಾಕ್ಟೀರಿಯಾ ಬೇಕು. ಹೊಸ ಹೆಪ್ಪು ತರಲು ಇಬ್ಬರೂ ಬೆಳ್ಳಟ್ಟಿಗೆ ಹೊರಟೆವು. ಶಿರಹಟ್ಟಿಯಲ್ಲಿ ಬಸ್ಸು ತಪ್ಪಿ, ತಲುಪುವಷ್ಟರಲ್ಲಿ ಗಡಿಗೆ ಮೊಸರಿನ ಅಮ್ಮ ದೇವರ ಮುಂದೆ ದೀಪ ಹಚ್ಚಿಬಿಟ್ಟಿದ್ದರು.

"ದೀಪ ಹಚ್ಚೇನಿ ನಮ್ಮವ್ವಾ. ಇನ್ನ ಹೆಪ್ಪು ಮನಿ ದಾಟಂಗಿಲ್ಲ" ಎಂದರು.

"ಅಮ್ಮಾ, ಹೋದ ವರ್ಷದಿಂದ ಬರಾಕತ್ತೀನಿ. ನಾ ಏನು ಹೊರಗಿನಾಕಿ ಏನು?"

"ನೀ ಬಂದರೂ ಅಷ್ಟ, ಕಲೆಕ್ಟರ್ ಬಂದರೂ ಅಷ್ಟ. ಮುಂಜಾನಿ ಬಾ."

ಆಗ ಸಹೋದ್ಯೋಗಿ ಚೀಲದಿಂದ ಹಾಲಿನ ಕೊಳವೆ ತೆಗೆದರು. "ಆಯೀ, ಹೆಪ್ಪು ದಾಟಬಾರದು ಖರೆ. ನಮ್ಮ ಹಾಲು ಒಳಗ ತರ್ತೀನಿ. ನೀವ ನಿಮ್ಮ ಕೈಲೆ ಇದರಾಗ ಒಂದ ಹನಿ ಬಿಡ್ರಿ. ಆಮ್ಯಾಲ ಹೊರಗ ಹೋಗೂದು ನಮ್ಮ ಹಾಲು, ನಿಮ್ಮ ಹೆಪ್ಪಲ್ಲ. ಹೌದಿಲ್ಲೋ?"

ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಯಾರವಾ ಈ ವಕೀಲ? ಎಲ್ಲಿಂದ ಹಿಡಕೊಂಡು ಬಂದಿ ಇವನ್ನ?" ಎಂದು ನಗುತ್ತಾ ಕೊಳವೆ ಇಸಕೊಂಡರು. ಹೆಪ್ಪು ಹಾಕಿಕೊಟ್ಟದ್ದಲ್ಲದೆ, ರೊಟ್ಟಿಯ ಮೇಲೆ ಗಡಿಗೆಯ ಬಾಯಿಯ ಕೆನೆಯನ್ನು ತೆಗೆದು ಅವರಿಗೆ ಬಡಿಸಿದರು. ಒಂದು ವರ್ಷದಲ್ಲಿ ಆ ಕೆನೆ ನನ್ನ ಪಾಲಿಗೆ ಒಮ್ಮೆಯೂ ಬಂದಿರಲಿಲ್ಲ. ಸಹೋದ್ಯೋಗಿ ಅರ್ಧ ಮುರಿದು ನನಗೆ ಕೊಟ್ಟರು. ತಿಂದೆ. ರುಚಿಯಾಗಿತ್ತು ಎಂಬುದು ಇನ್ನಷ್ಟು ಬೇಸರದ ಸಂಗತಿ.

ಈ ಸಲ ನಿಯಮದಂತೆಯೇ ನಡೆದುಕೊಂಡೆವು. ಬೆಳ್ಳಟ್ಟಿಯ ಮತ್ತು ಕೊರ್ಲಹಳ್ಳಿಯ ಮೊಸರುಗಳಿಂದ ಬೇರೆ ಬೇರೆ ತಟ್ಟೆಗಳಲ್ಲಿ ಒಂಟಿ ಚುಕ್ಕೆಗಳನ್ನು ಬೆಳೆಸಿದೆ. ಕಂಪ್ಯೂಟರಿನ ಗುಡ್ಡೆಗಳಲ್ಲಿದ್ದ ಗುರುತುಗಳಿಗೆ ತಾಳೆ ನೋಡಿ, ಹಿಂದಿನ ಎರಡು ಜೀವಿಗಳು ಇವೇ ಎಂದು ಖಚಿತಪಡಿಸಿಕೊಂಡೆವು. ಸಿಕ್ಕ ತುಣುಕಿನ ಎರಡೂ ತುದಿಗಳಿಂದ ಆಚೆಗೆ, ಆಯಾ ಜೀವಿಯ ಪಕ್ಕದ ಡಿಎನ್ಎವರೆಗೆ ಹಾಯುವಂತೆ, ಬೇಕಾದ ಭಾಗವನ್ನಷ್ಟೇ ನಕಲು ಮಾಡಿ ತೋರಿಸುವ ಪಿಸಿಆರ್ ಪರೀಕ್ಷೆ ಮಾಡಿದೆ. ಎರಡರಲ್ಲಿಯೂ ನಿರೀಕ್ಷಿಸಿದ ಉದ್ದದ ಪಟ್ಟೆ ಬಂದಿತು, ಅಂದರೆ ಆ ತುಣುಕು ಎರಡರಲ್ಲಿಯೂ ಇತ್ತು. ಆ ಜೀವಸತ್ವವೇ ಇಲ್ಲದ ದ್ರಾವಣದಲ್ಲಿ ಎರಡೂ ಬೆಳೆದವು. ಅಂದರೆ ತಮಗೆ ಬೇಕಾದುದನ್ನು ತಾವೇ ಮಾಡಿಕೊಳ್ಳುತ್ತಿದ್ದವು. ಕೊನೆಗೆ ಎರಡು ತಟ್ಟೆಗಳನ್ನು ದೀಪದ ಕೆಳಗೆ ಅಕ್ಕಪಕ್ಕ ಇಟ್ಟೆ. ಬೆಳ್ಳಟ್ಟಿಯದು ಹೆಚ್ಚು ಹೊಳೆಯಲೆಂದು ಬಹಳ ಹೊತ್ತು ನೋಡಿದೆ. ವ್ಯತ್ಯಾಸ ಕಾಣಲಿಲ್ಲ.

"ನಮ್ಮವ್ವಗ ಹೇಳಬೇಕ್ರಿ, ನಿನ್ನ ಮೊಸರು ಲೈಟ್ ಹಾಕ್ತೈತಿ ಅಂತ" ಎಂದು ಸಹೋದ್ಯೋಗಿ ಕತ್ತಲೆಯಲ್ಲಿಯೇ ಕುಣಿದಾಡಿದರು.

ನಕ್ಷೆಯ ಚೌಕಗಳು ಈಗ ಕಡು ಹಸಿರಾದವು. ಮೊದಲನೆಯ ಹೆಸರು ಯಾರದೆಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ನಾನು ಮಾರ್ಗದರ್ಶಕರಿಗೆ ಒಂದು ಮನವಿಯನ್ನು ಸಿದ್ಧಪಡಿಸಿದೆ. ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದವರು ಯಾರು, ತುಣುಕನ್ನು ಕಂಡುಹಿಡಿದವರು ಯಾರು, ಆಳದ ಲೆಕ್ಕವನ್ನು ಬಿಡಿಸಿದವರು ಯಾರು ಎಂದು ವಿವರವಾಗಿ ಬರೆದು, ಎದುರಿನಿಂದ ಬರಬಹುದಾದ ಆಕ್ಷೇಪಣೆಗಳಿಗೂ ಉತ್ತರ ಹೊಂದಿಸಿಟ್ಟುಕೊಂಡೆ. ಜಗಳಕ್ಕೆ ಪೂರ್ತಿ ಸಿದ್ಧಳಾಗಿ ಸಹೋದ್ಯೋಗಿಯ ಮೇಜಿಗೆ ಹೋಗಿ, ಪ್ರಬಂಧದ ಕರಡು ತೋರಿಸಲು ಹೇಳಿದೆ.

ಅವರು ತೆರೆದರು. ಶೀರ್ಷಿಕೆಯ ಕೆಳಗೆ ಮೊದಲನೆಯದಾಗಿ ನನ್ನ ಹೆಸರಿತ್ತು.

"ಇದನ್ನ ಯಾವಾಗ ಹಾಕಿದಿ?"

"ಅದು ಮೊದಲಿಂದ ಹಂಗ ಐತ್ರಿ ಅಕ್ಕಾರ."

"ಸರ್ ನಿನ್ನ ಹೆಸರು ಅಂದಿದ್ರಲ್ಲ?"

"ಸರ್ ನಿಮ್ಮನ್ನ ಹ್ಯಾಂಗ್ರಿ ಅಂತ ಕೇಳಿದ್ರು. ನೀವು ಹೂಂ ಅನ್ನಲಿಲ್ಲಲ್ಲ. ಮತ್ತ ನಾ 'ಹೂಂ ಬರೂತನಕ ಮುಟ್ಟಂಗಿಲ್ರಿ' ಅಂತ ಸರ್‌ಗೆ ಅವತ್ತ ಹೇಳೇನಿ. ಆತು ಬಿಡು ಅಂದ್ರು." ಇಷ್ಟು ಹೇಳಿ ಮತ್ತೆ ತಮ್ಮ ಪರದೆಗೆ ತಿರುಗಿದರು. ಅವರಿಗೆ ಅದು ಅಷ್ಟೇ ವಿಷಯವಾಗಿತ್ತು.

ಮನವಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಹೋರಾಡಿ ಪಡೆಯಬೇಕೆಂದಿದ್ದುದನ್ನು ಅವರು ನನಗಿಂತ ಮೊದಲೇ ಕೊಟ್ಟುಬಿಟ್ಟಿದ್ದರು. ಅದರಲ್ಲಿಯೂ ಅವರೇ ಮುಂದೆ. ಬೇರೆಯವರ ಹೆಸರನ್ನು ತನ್ನ ಹೆಸರಿನ ಮುಂದೆ ಬರೆದು, ಮರುಗಳಿಗೆಯೇ ಅದನ್ನು ಮರೆತು ಕೆಲಸ ಮಾಡಲು ಬರುವುದೂ ಒಂದು ವಿದ್ಯೆಯಿರಬೇಕು. ಕಪ್ಪು ಪರದೆಯ ಆದೇಶಗಳನ್ನು ನಾನು ಕಲಿತೆ. ಇದನ್ನು ಕಲಿಸೆಂದು ಕೇಳಲು ಈ ಕ್ಷಣದವರೆಗೂ ನನಗೆ ಧೈರ್ಯ ಬಂದಿಲ್ಲ. ಪ್ರಬಂಧವನ್ನು ಕಳುಹಿಸಿಯಾಗಿದೆ. ಅವರ ಮೇಲಿನ ಹೊಟ್ಟೆಕಿಚ್ಚು ಇನ್ನೂ ಹಾಗೆಯೇ ಇದೆ, ಕಾರಣ ಮಾತ್ರ ಬದಲಾಗಿದೆ.

ಮೇಲಿನ ಬರಹದಲ್ಲಿ ಕಾಗುಣಿತದ, ವಾಕ್ಯದ ಅಥವಾ ವಿಜ್ಞಾನದ ತಪ್ಪುಗಳು ಕಂಡುಬಂದಲ್ಲಿ ಓದುಗರು ದಯಮಾಡಿ ತಾವೇ ತಿದ್ದಿಕೊಂಡು ಓದಬೇಕಾಗಿಯೂ, ನನಗೂ ತಿಳಿಸಬೇಕಾಗಿಯೂ ವಿನಂತಿ. ಪ್ರಬಂಧವು ಅಚ್ಚಾಗಿ ತಮ್ಮ ಕೈಸೇರಿದಲ್ಲಿ ಅದರಲ್ಲಿನ ತಪ್ಪುಗಳನ್ನೂ ಇದೇ ರೀತಿ ತಿದ್ದಬಹುದು. ಆದರೆ ಹೆಸರುಗಳ ಕ್ರಮ ಅದಲುಬದಲಾಗಿದೆ ಎಂದು ಯಾರಿಗಾದರೂ ಅನ್ನಿಸಿದರೆ, ಅದೊಂದನ್ನು ಮಾತ್ರ ಇದ್ದಂತೆಯೇ ಬಿಡಬೇಕಾಗಿ ಕಳಕಳಿಯಿಂದ ಕೋರುತ್ತೇನೆ.